ಹದಿನೆಂಟು ಅಕ್ಷರಗಳ ಕೀಲಿ

'ಫೈಲ್ ಮಾಡು' ಅನ್ನುವ ಮಾತಿಗೆ ಇಂಗ್ಲಿಷಿನಲ್ಲಿ ಎರಡು ಅರ್ಥ. ಆಫೀಸಿನ ಗುಮಾಸ್ತನಿಗೆ ಅದು ಕಾಗದವನ್ನು ಫೈಲಿಗೆ ಸೇರಿಸಿ ಜೋಪಾನ ಮಾಡುವುದು. ತಂತಿ ಕೆಲಸದವರಿಗೂ ಪತ್ರಿಕೆಯ ವರದಿಗಾರರಿಗೂ ಅದು ಸುದ್ದಿಯನ್ನು ರವಾನೆಗೆ ಒಪ್ಪಿಸುವುದು. 1943ರ ಜೂನ್‌ನಲ್ಲಿ ನೂರ್ ಇನಾಯತ್ ಖಾನ್ ಎಂಬ ವೈರ್‌ಲೆಸ್ ಆಪರೇಟರನ್ನು ಬ್ರಿಟಿಷ್ ಗುಪ್ತ ಸಂಸ್ಥೆಯೊಂದು ಜರ್ಮನ್ ವಶದಲ್ಲಿದ್ದ ಫ್ರಾನ್ಸಿಗೆ ಕಳಿಸುವಾಗ ಕೊಟ್ಟ ಆದೇಶಪತ್ರದಲ್ಲಿ, ಸಂದೇಶಗಳ 'ಫೈಲಿಂಗ್' ವಿಚಾರದಲ್ಲಿ ಬಹಳ ಎಚ್ಚರ ಇರಲಿ ಎಂಬ ಸಾಲೊಂದಿತ್ತು. ಬರೆದವರ ತಲೆಯಲ್ಲಿದ್ದದ್ದು ರವಾನೆಯ ಅರ್ಥ. ಆಕೆ ಗುಮಾಸ್ತನ ಅರ್ಥ ಹಿಡಿದಳು ಎಂಬುದು ಇತಿಹಾಸಕಾರರ ಊಹೆ. ಊಹೆಗೆ ಆಧಾರ ಇದೆ. ಅಕ್ಟೋಬರಿನಲ್ಲಿ ಆಕೆ ಸಿಕ್ಕಿಬಿದ್ದಾಗ ಕೋಣೆಯಲ್ಲಿ ಒಂದು ನೋಟ್‌ಬುಕ್ ಸಿಕ್ಕಿತು. ಅಲ್ಲಿಯವರೆಗೆ ಲಂಡನ್ನಿಗೆ ಕಳಿಸಿದ, ಲಂಡನ್ನಿನಿಂದ ಬಂದ ಸಂದೇಶಗಳೆಲ್ಲ ಅದರಲ್ಲಿದ್ದವು. ಗೂಢಲಿಪಿಯಲ್ಲೂ ಇದ್ದವು, ಪಕ್ಕದಲ್ಲಿ ಸಾದಾ ಭಾಷೆಯಲ್ಲೂ ಇದ್ದವು.

ಯುದ್ಧಕಾಲದ ಗೂಢಚಾರಿಣಿಯನ್ನು ನಾಯಕಿಯಾಗಿಟ್ಟುಕೊಂಡ ಪತ್ತೆದಾರಿ ಸರಣಿಗಳಿಗೆ ಈಗ ಬರವಿಲ್ಲ. ಸಂಪುಟಕ್ಕೊಂದು ಹೆಣ, ಅಧ್ಯಾಯಕ್ಕೊಂದು ವೇಷ, ಕೊನೆಯ ಇಪ್ಪತ್ತು ಪುಟದಲ್ಲಿ ದ್ರೋಹಿ ಯಾರೆಂಬ ಬಯಲು. ನೂರ್ ಕಥೆಯನ್ನೂ ಅದೇ ಅಚ್ಚಿಗೆ ಹಾಕಿ, ಹಿಡಿದುಕೊಟ್ಟವರು ಯಾರು ಎಂದು ಕೇಳುವವರೇ ಹೆಚ್ಚು. ಆ ಪ್ರಶ್ನೆ ಸಣ್ಣದು. ಆಕೆಯ ತಂಡದ ಮುಖ್ಯಸ್ಥನ ಸೋದರಿ ರೆನೆ ಗಾರಿಯ ಮೇಲೆ ಯುದ್ಧದ ನಂತರ ಆರೋಪ ಬಂತು, ವಿಚಾರಣೆ ನಡೆಯಿತು, ಖುಲಾಸೆಯೂ ಆಯಿತು. ಪತ್ತೆದಾರನ ಬುದ್ಧಿಗೆ ಕೆಲಸ ಕೊಡುವ ಗಂಟು ಬಿದ್ದದ್ದು ಪ್ಯಾರಿಸ್ಸಿನಲ್ಲಿ ಅಲ್ಲ, ಆಕೆಯನ್ನು ಕಳಿಸಿದ ಸಂಸ್ಥೆಯ ಕಚೇರಿಯಿದ್ದ ಲಂಡನ್ನಿನ ಬೇಕರ್ ಸ್ಟ್ರೀಟಿನ ಮೇಜಿನ ಮೇಲೆ. ಆಕೆ ಸಿಕ್ಕಿಬಿದ್ದಿದ್ದಾಳೆ ಎಂಬುದು ಆ ಮೇಜಿಗೆ ಎರಡು ಬೇರೆ ಬೇರೆ ದಾರಿಯಲ್ಲಿ ಬಂದು ತಲುಪಿತ್ತು. ಓದಿದವರು ಒಪ್ಪಲಿಲ್ಲ. ಯಾಕೆ ಒಪ್ಪಲಿಲ್ಲ ಎಂದು ತಿಳಿಯಬೇಕಾದರೆ ಪಿಸ್ತೂಲನ್ನು ಪಕ್ಕಕ್ಕಿಟ್ಟು ಆ ಕೆಲಸ ಹೇಗೆ ನಡೆಯುತ್ತಿತ್ತು ಎಂದು ನೋಡಬೇಕು.

ಮೊದಲು ನಮ್ಮ ಕಡೆಯ ನಂಟನ್ನು ಹೇಳಿ ಮುಗಿಸುತ್ತೇನೆ. ನೂರ್ ಹುಟ್ಟಿದ್ದು 1914ರ ಜನವರಿ 1ರಂದು, ಮಾಸ್ಕೋದಲ್ಲಿ. ತಂದೆ ಬರೋಡಾದ ಸೂಫಿ ಸಂಗೀತಗಾರ ಇನಾಯತ್ ಖಾನ್, ತಾಯಿ ಅಮೆರಿಕದ ಓರಾ ರೇ ಬೇಕರ್. ಇನಾಯತ್ ಖಾನರ ತಾಯಿಯ ತಂದೆ ಮೌಲಾ ಬಕ್ಷ್. ಬರೋಡಾದಲ್ಲಿ ಗಾಯನಶಾಲೆ ಕಟ್ಟುವ ಮುಂಚೆ ಅವರು ಮೈಸೂರು ಆಸ್ಥಾನದಲ್ಲಿ ಇದ್ದು ಕರ್ನಾಟಕ ಸಂಗೀತ ಕಲಿತವರು. ಅಲ್ಲಿಯೇ ಅವರು ಟಿಪ್ಪು ಸುಲ್ತಾನನ ಮೊಮ್ಮಗಳನ್ನು ಮದುವೆಯಾದರು ಎನ್ನುವುದು ಮನೆತನದ ಪರಂಪರೆ. ಆ ಲೆಕ್ಕದಲ್ಲಿ ನೂರ್ ಟಿಪ್ಪುವಿನಿಂದ ಐದನೇ ತಲೆಮಾರು. ನಮ್ಮ ಪತ್ರಿಕೆಗಳು ಆಕೆಯ ಬಗ್ಗೆ ಬರೆದಾಗಲೆಲ್ಲ 'ಮೈಸೂರು ಹುಲಿಯ ವಂಶದ ಗೂಢಚಾರಿಣಿ' ಎಂದು ತಲೆಬರಹ ಕೊಟ್ಟು, ಅರ್ಧ ಪುಟ ಶ್ರೀರಂಗಪಟ್ಟಣದಲ್ಲೇ ಕಳೆದುಬಿಡುತ್ತವೆ. ಹುಲಿಯ ಉಪಮೆಯಿಂದ ಆಕೆಯ ಕೆಲಸದ ಒಂದು ಅಂಶವೂ ತಿಳಿಯುವುದಿಲ್ಲ.

ಬೆಳೆದದ್ದು ಪ್ಯಾರಿಸ್ ಪಕ್ಕದ ಸ್ಯುರೆನ್‌ನಲ್ಲಿ, 'ಫಜಲ್ ಮಂಜಿಲ್' ಎಂಬ ಮನೆಯಲ್ಲಿ. ಸೊರ್ಬಾನ್‌ನಲ್ಲಿ ಮಕ್ಕಳ ಮನಶ್ಶಾಸ್ತ್ರ ಓದಿದಳು, ಹಾರ್ಪ್ ನುಡಿಸಿದಳು, ಮಕ್ಕಳಿಗೆ ಕಥೆ ಬರೆದಳು. ಆಕೆ ಇಂಗ್ಲಿಷಿಗೆ ತಂದ ಇಪ್ಪತ್ತು ಜಾತಕ ಕಥೆಗಳ ಪುಸ್ತಕ 1939ರಲ್ಲಿ ಲಂಡನ್ನಿನಲ್ಲಿ ಅಚ್ಚಾಯಿತು. ಮರುವರ್ಷ ಜರ್ಮನರು ಪ್ಯಾರಿಸ್ಸಿಗೆ ನುಗ್ಗಿದಾಗ ಕುಟುಂಬ ಇಂಗ್ಲೆಂಡಿಗೆ ಓಡಿತು. 1940ರ ನವೆಂಬರಿನಲ್ಲಿ ವಾಯುಪಡೆಯ ಮಹಿಳಾ ವಿಭಾಗ ಸೇರಿ ವೈರ್‌ಲೆಸ್ ಕಲಿತಳು. ಆ ಪಾಠವೇ ಆಕೆಯನ್ನು ಎಸ್‌ಒಇ ಕಣ್ಣಿಗೆ ಬೀಳಿಸಿದ್ದು. ಶತ್ರುವಿನ ನೆಲದಲ್ಲಿ ಪ್ರತಿರೋಧ ಎಬ್ಬಿಸಲು ಬ್ರಿಟಿಷ್ ಸರ್ಕಾರ ಕಟ್ಟಿದ ಗುಪ್ತ ಸಂಸ್ಥೆ ಎಸ್‌ಒಇ. ಅದರ ಫ್ರಾನ್ಸ್ ವಿಭಾಗ ಒಟ್ಟು 39 ಹೆಂಗಸರನ್ನು ಫ್ರಾನ್ಸಿಗೆ ಕಳಿಸಿತು. ಅವರಲ್ಲಿ ವೈರ್‌ಲೆಸ್ ಆಪರೇಟರಾಗಿ ಹೋದವರಲ್ಲಿ ನೂರ್ ಮೊದಲಿಗಳು. ತರಬೇತುದಾರರ ವರದಿ ಆಕೆಯ ಬುದ್ಧಿಯನ್ನೂ ಸ್ವಭಾವವನ್ನೂ ಹೀಗಳೆದು, ಈ ಕೆಲಸಕ್ಕೆ ತಕ್ಕವಳೇ ಎಂದು ಅನುಮಾನಪಟ್ಟಿತ್ತು. ವಿಭಾಗದ ಮುಖ್ಯಸ್ಥ ಮಾರಿಸ್ ಬಕ್‌ಮಾಸ್ಟರ್ ಅಂಚಿನಲ್ಲಿ ಸಿಟ್ಟಿನಿಂದ ಷರಾ ಬರೆದು ತಳ್ಳಿಹಾಕಿದರು. ಆಪರೇಟರುಗಳಿಗೆ ಆಗ ಅಷ್ಟು ಕೊರತೆ. ಪ್ಯಾರಿಸ್ಸಿನಲ್ಲಿ ಅವರ ಆಯುಸ್ಸು ಆರು ವಾರ ಎಂದು ಸಂಸ್ಥೆಯ ಒಳಗೇ ಮಾತಿತ್ತು.

1943ರ ಜೂನ್ 16ರ ರಾತ್ರಿ ಬೆಳದಿಂಗಳಲ್ಲಿ ಎರಡು ಲೈಸಾಂಡರ್ ವಿಮಾನಗಳು ಆಂಜೇ ಪಟ್ಟಣದ ಹತ್ತಿರದ ಹೊಲದಲ್ಲಿ ಇಳಿದವು. ಇದಕ್ಕೆ ರನ್‌ವೇ ಬೇಡ. ಕೋಲಿಗೆ ಕಟ್ಟಿದ ಮೂರು ಟಾರ್ಚು ಸಾಕು. ಒಂದನ್ನು ಚಕ್ರ ನೆಲ ಮುಟ್ಟಬೇಕಾದ ಕಡೆ, ಎರಡನೆಯದನ್ನು ಗಾಳಿ ಬರುವ ದಿಕ್ಕಿಗೆ 150 ಗಜ ಮುಂದೆ, ಮೂರನೆಯದನ್ನು ಅದರ ಬಲಕ್ಕೆ 50 ಗಜ ದೂರದಲ್ಲಿ ನೆಡುತ್ತಾರೆ. ಮೇಲಿಂದ ನೋಡಿದರೆ ತಲೆಕೆಳಗಾದ 'ಎಲ್' ಅಕ್ಷರ. ಮೊದಲೇ ಮಾತಾದ ಮೋರ್ಸ್ ಅಕ್ಷರವನ್ನು ಕೆಳಗಿನವರು ಮಿನುಗಿಸದಿದ್ದರೆ ಪೈಲಟ್ ಇಳಿಯದೆ ವಾಪಸ್ ಹೋಗಬೇಕು. ಇಳಿದ ಮೇಲೆ ನೆಲದ ಮೇಲಿರುವುದು ಮೂರೇ ನಿಮಿಷ. ಆ ರಾತ್ರಿ ಇಳಿದವರು ನಾಲ್ವರು. ಅವರಲ್ಲಿ ಡಯಾನಾ ರೌಡನ್ ಎಂಬ ಹೆಸರನ್ನು ನೆನಪಿಟ್ಟುಕೊಳ್ಳಿ. ಬರಮಾಡಿಕೊಂಡವನು ಆಂರಿ ದೆರಿಕೂರ್. ವಿಮಾನಗಳ ಉಸ್ತುವಾರಿ ಅವನದು. ತನ್ನ ಕೈಮೇಲೆ ಹೋಗಿಬರುತ್ತಿದ್ದ ಟಪಾಲನ್ನು ಜರ್ಮನ್ ಭದ್ರತಾ ಪೊಲೀಸರಿಗೂ ತೋರಿಸುತ್ತಿದ್ದವನು ಅವನೇ. ಸರಣಿಯ ಲೇಖಕರಿಗೆ ಅವನೊಬ್ಬನೇ ಮೂರು ಸಂಪುಟಕ್ಕೆ ಆಗುತ್ತಾನೆ.

ನೂರ್‌ಗೆ ಇಟ್ಟ ಗುಪ್ತನಾಮ 'ಮ್ಯಾಡ್ಲೀನ್'. ಸುಳ್ಳು ಗುರುತಿನ ಚೀಟಿಯಲ್ಲಿ ಜಾನ್-ಮರೀ ರೆನಿಯೇ, ಮಕ್ಕಳನ್ನು ನೋಡಿಕೊಳ್ಳುವ ದಾದಿ. ಇಳಿದು ಸುಮಾರು ಒಂದು ವಾರಕ್ಕೆ, ಜೂನ್ 24ರಂದು, ಪ್ಯಾರಿಸ್ಸಿನಲ್ಲಿದ್ದ ಎಸ್‌ಒಇಯ ದೊಡ್ಡ ಜಾಲ 'ಪ್ರೊಸ್ಪೆರ್' ಕುಸಿಯಿತು. ಮುಖ್ಯಸ್ಥ ಫ್ರಾನ್ಸಿಸ್ ಸಟಲ್, ಆಪರೇಟರ್ ಗಿಲ್ಬರ್ಟ್ ನಾರ್ಮನ್, ಆಂದ್ರೇ ಬೊರೆಲ್ ಎಂಬ ಹೆಂಗಸು ಎಲ್ಲರೂ ಸೆರೆಯಾದರು. ವಾಪಸ್ ಬಾ ಎಂದು ಲಂಡನ್ ಕರೆಯಿತು. ಪ್ಯಾರಿಸ್ಸಿನಲ್ಲಿ ಉಳಿದಿರುವ ಸೆಟ್ ತನ್ನದೊಂದೇ, ಬದಲಿ ಬರುವವರೆಗೆ ಹೊರಡುವುದಿಲ್ಲ ಎಂದಳು. ಈ ಮಾತು ಆಕೆಯ ಧೈರ್ಯಕ್ಕೆ ಸಾಕ್ಷಿ ಎಂದು ಎಲ್ಲರೂ ಬರೆಯುತ್ತಾರೆ, ಸರಿಯೇ. ಲಂಡನ್ನಿನ ಮನಸ್ಸನ್ನು ಕಟ್ಟಿಹಾಕಿದ್ದೂ ಇದೇ. ಮ್ಯಾಡ್ಲೀನ್ ಹೋದಳು ಎಂದು ಒಪ್ಪಿದರೆ ಪ್ಯಾರಿಸ್ಸೇ ಹೋಯಿತು ಎಂದು ಒಪ್ಪಬೇಕಾಗಿತ್ತು.

ಸೆಟ್ಟಿನ ವಿಚಾರಕ್ಕೆ ಬರೋಣ. ಎಸ್‌ಒಇ ಸೆಟ್ಟುಗಳಲ್ಲಿ ಹೆಚ್ಚು ಹೆಸರಾದದ್ದು ಟೈಪ್ 3 ಮಾರ್ಕ್ 2, ಬಾಯಿಮಾತಿನಲ್ಲಿ ಬಿ2. ಒಂದು ಸಾಧಾರಣ ಸೂಟ್‌ಕೇಸಿನಲ್ಲಿ ನಾಲ್ಕು ಭಾಗ: ಕಳಿಸುವ ಯಂತ್ರ, ಕೇಳುವ ಯಂತ್ರ, ವಿದ್ಯುತ್ ಪೂರೈಸುವ ಭಾಗ, ಬಿಡಿಸಾಮಾನಿನ ಪೆಟ್ಟಿಗೆ. ಒಟ್ಟು ತೂಕ ಸುಮಾರು 15 ಕಿಲೋ. ಕೈಯಲ್ಲಿ ಹಿಡಿದರೆ ಭುಜ ವಾಲುತ್ತದೆ, ಬಟ್ಟೆಬರೆಯ ಪೆಟ್ಟಿಗೆ ಎಂದು ಹೇಳಿದರೆ ಯಾರೂ ನಂಬುವುದಿಲ್ಲ. ಪ್ಯಾರಿಸ್ ಮೆಟ್ರೋದಲ್ಲಿ ಇಬ್ಬರು ಜರ್ಮನರು ಪೆಟ್ಟಿಗೆ ತೆರೆಸಿದಾಗ, ಸಿನಿಮಾ ತೋರಿಸುವ ಯಂತ್ರ, ಬಲ್ಬುಗಳು ಕಾಣುತ್ತಿಲ್ಲವೇ ಎಂದು ನೂರ್ ಹೇಳಿ ಪಾರಾದಳಂತೆ. ಬಲ್ಬು ಎಂದು ತೋರಿಸಿದ್ದು ಸೆಟ್ಟಿನೊಳಗಿನ ಗಾಜಿನ ವಾಲ್ವುಗಳನ್ನು. ಮನೆಯ ಕರೆಂಟಿನಲ್ಲೂ 6 ವೋಲ್ಟಿನ ಕಾರ್ ಬ್ಯಾಟರಿಯಲ್ಲೂ ಸೆಟ್ ನಡೆಯುತ್ತಿತ್ತು. ಶಕ್ತಿ ಹೆಚ್ಚೆಂದರೆ 20 ವ್ಯಾಟ್, ಮನೆಯ ಸಣ್ಣ ಬಲ್ಬಿನಷ್ಟು. ಅಷ್ಟರಲ್ಲಿ ಕಡಲು ದಾಟಿಸಬೇಕಾದರೆ ಏರಿಯಲ್ ಉದ್ದವಿರಬೇಕು. ಹತ್ತಿಪ್ಪತ್ತು ಮೀಟರ್ ತಂತಿಯನ್ನು ಕಿಟಕಿಯಿಂದ ಮರಕ್ಕೋ ಮಾಳಿಗೆಯ ಉದ್ದಕ್ಕೋ ಎಳೆಯಬೇಕು. ಗೂಢಚರ್ಯೆಯಲ್ಲಿ ಅತ್ಯಂತ ಬಹಿರಂಗವಾದ ಕೆಲಸ ಇದು. ಬಟ್ಟೆ ಒಣಹಾಕುವ ಹಗ್ಗದ ಹಾಗೆ ಕಾಣಿಸಿದರೆ ಪುಣ್ಯ.

ಯಾವ ತರಂಗದಲ್ಲಿ ಕಳಿಸಬೇಕು ಎಂಬುದನ್ನು ನಿರ್ಧರಿಸುವುದು ಕ್ರಿಸ್ಟಲ್, ಅಂಚೆಚೀಟಿಯಷ್ಟು ಅಗಲದ ಡಬ್ಬಿಯೊಳಗಿನ ಸ್ಫಟಿಕದ ಚೂರು. ಹಗಲಿಗೆ ಎತ್ತರದ ತರಂಗ, ರಾತ್ರಿಗೆ ತಗ್ಗಿನದು, ಆದ್ದರಿಂದ ಕಡೇಪಕ್ಷ ಎರಡಾದರೂ ಬೇಕು. ಕೈಜಾರಿ ಬಿದ್ದರೆ ಬಿರುಕು ಬಿಡುತ್ತದೆ. ಬಿರುಕು ಬಿಟ್ಟರೆ ಆ ಹೊತ್ತಿನ ಸಂಪರ್ಕವೇ ಹೋಯಿತು, ಹೊಸದು ವಿಮಾನದಲ್ಲಿ ಬರುವವರೆಗೆ ಕಾಯಬೇಕು. ಕಳಿಸಬೇಕಾದ ದಿನ, ಗಂಟೆ, ತರಂಗ ಎಲ್ಲವೂ ಮೊದಲೇ ಗೊತ್ತುಮಾಡಿದ್ದು. ಅದಕ್ಕೆ 'ಸ್ಕೆಡ್' ಎಂದು ಹೆಸರು. ಆ ಗಂಟೆಗೆ ಇಂಗ್ಲೆಂಡಿನ ಗ್ರೆಂಡನ್ ಕೇಂದ್ರದಲ್ಲಿ ಒಬ್ಬ ಹುಡುಗಿ ಕಿವಿಗೆ ಹೆಡ್‌ಫೋನ್ ಹಾಕಿ ಕೂತಿರುತ್ತಾಳೆ. ತಪ್ಪಿದರೆ ಮುಂದಿನ ಸ್ಕೆಡ್.

ಈಗ ಗಡಿಯಾರ. ಒಳ್ಳೆಯ ಕೈ ನಿಮಿಷಕ್ಕೆ ನೂರು ಮೋರ್ಸ್ ಅಕ್ಷರ ಬಡಿಯುತ್ತದೆ. ಆಗಿನ ಪದ್ಧತಿಯಲ್ಲಿ ಒಂದು ಸಂದೇಶ ಕಡೇಪಕ್ಷ 200 ಅಕ್ಷರ ಇರಬೇಕಿತ್ತು, ಅಂದರೆ ಎರಡೇ ನಿಮಿಷದ ಕೆಲಸ. ಕಾಗದದ ಮೇಲೆ. ನಿಜದಲ್ಲಿ ಕರೆದು ಎಬ್ಬಿಸಬೇಕು, ಆ ಕಡೆಯಿಂದ ಉತ್ತರ ಬರಬೇಕು, ಗದ್ದಲದಲ್ಲಿ ಬಿಟ್ಟುಹೋದ ಅಕ್ಷರಗಳ ಗುಂಪುಗಳನ್ನು ಮತ್ತೆ ಕಳಿಸು ಎಂದಾಗ ಮತ್ತೆ ಬಡಿಯಬೇಕು. ಎರಡು ನಿಮಿಷ ಇಪ್ಪತ್ತಾಗುತ್ತದೆ. ಈ ಹೊತ್ತಿನಲ್ಲಿ ಜರ್ಮನರ ಸ್ಥಿರ ಕೇಂದ್ರಗಳು ಸಿಗ್ನಲ್ ಬರುವ ದಿಕ್ಕನ್ನು ಅಳೆದು ನಕ್ಷೆಯ ಮೇಲೆ ಗೆರೆ ಎಳೆಯುತ್ತವೆ. ಮೂರು ಗೆರೆ ಕೂಡಿದ ಕಡೆ ಒಂದು ತ್ರಿಕೋನ, ಹೆಚ್ಚುಕಡಿಮೆ ಒಂದು ಊರಿನ ಅಗಲ. ಮುಂದಿನ ಕೆಲಸ ದಿಕ್ಕು ಹಿಡಿಯುವ ಆಂಟೆನಾವನ್ನು ಮುಚ್ಚಿಟ್ಟುಕೊಂಡು ತಿರುಗುವ ವ್ಯಾನುಗಳದು. ಕೊನೆಯ ಬೀದಿಯಲ್ಲಿ ಕೋಟಿನೊಳಗೆ ಸಣ್ಣ ಯಂತ್ರ ಕಟ್ಟಿಕೊಂಡ ಮನುಷ್ಯ ನಡೆದುಬರುತ್ತಾನೆ. ಬೆಂಗಳೂರಿನ ಹ್ಯಾಮ್ ರೇಡಿಯೋದವರು ಇದನ್ನೇ ಆಟವಾಗಿ ಆಡುತ್ತಾರೆ, 'ನರಿ ಬೇಟೆ' ಎನ್ನುತ್ತಾರೆ. ಇನ್ನೊಂದು ಉಪಾಯ ಇನ್ನೂ ಸರಳ: ಬಡಾವಣೆಯ ಕರೆಂಟನ್ನು ಬೀದಿಬೀದಿಯಾಗಿ ತೆಗೆಯುತ್ತ ಹೋಗುವುದು. ಯಾವ ಬೀದಿಯ ದೀಪ ಆರಿದಾಗ ಸಿಗ್ನಲ್ಲೂ ನಿಂತಿತೋ ಆ ಬೀದಿ. ಬ್ಯಾಟರಿ ಬೇಕಾಗಿದ್ದುದು ಇದಕ್ಕೇ. ನೂರ್ ಸುಮಾರು ನಾಲ್ಕು ತಿಂಗಳು ಉಳಿದದ್ದು ಜಾಗದಿಂದ ಜಾಗಕ್ಕೆ ಅಲೆದದ್ದರಿಂದ. ಕಡೆಗೂ ಆಕೆಯನ್ನು ಹಿಡಿದದ್ದು ವ್ಯಾನಲ್ಲ, ಮನುಷ್ಯರ ಬಾಯಿ.

ಬಡಿಯುವ ಮುಂಚೆ ಗೂಢಲಿಪಿ. ಅದರ ಹೆಸರು ಪದ್ಯದ ಕೋಡು. ಏಜೆಂಟ್ ಒಂದು ಪದ್ಯವನ್ನು ಬಾಯಿಪಾಠ ಮಾಡಿರುತ್ತಾಳೆ. ಪ್ರತಿ ಸಂದೇಶಕ್ಕೂ ಅದರಿಂದ ಐದು ಪದ ಆರಿಸುತ್ತಾಳೆ, ಆ ಐದೂ ಸೇರಿ ಕೀಲಿ. ಯಾವ ಐದು ಎಂಬುದನ್ನು ಸಂದೇಶದ ಮೊದಲ ಗುಂಪು ಗುಟ್ಟಾಗಿ ಹೇಳುತ್ತದೆ. ಕೀಲಿಯ ಅಕ್ಷರಗಳಿಗೆ ವರ್ಣಮಾಲೆಯ ಕ್ರಮದಲ್ಲಿ ಅಂಕಿ ಕೊಟ್ಟು, ಅದರ ಕೆಳಗೆ ಸಂದೇಶವನ್ನು ಸಾಲುಸಾಲಾಗಿ ಬರೆದು, ಅಂಕಿಯ ಕ್ರಮದಲ್ಲಿ ಕಂಬಕಂಬವಾಗಿ ಓದಿದರೆ ಅಕ್ಷರಗಳೆಲ್ಲ ಕಲಸಿಹೋಗುತ್ತವೆ. ಕನ್ನಡದಲ್ಲೇ ಮಾಡಿ ನೋಡೋಣ. ಸುಲಭಕ್ಕೆ ಕೀಲಿ ಒಂದೇ ಪದ, 'ಬೆಳದಿಂಗಳು'. ಅಕ್ಷರ ಐದು. ವರ್ಣಮಾಲೆಯಲ್ಲಿ ಗ ಮೊದಲು, ಆಮೇಲೆ ದ, ಬ, ಕೊನೆಗೆ ಎರಡು ಳ. ಒಂದೇ ಅಕ್ಷರ ಎರಡು ಸಲ ಬಂದರೆ ಎಡಗಡೆಯದಕ್ಕೆ ಮೊದಲ ಅಂಕಿ. ಸಂದೇಶ: 'ನಾಳೆ ರಾತ್ರಿ ವಿಮಾನ ಬೇಡ, ಸೇತುವೆ ಬಳಿ ಕಾವಲು ಹೆಚ್ಚಿದೆ'.

ಬೆ – ಳ – ದಿಂ – ಗ – ಳು
3 – 4 – 2 – 1 – 5
ನಾ – ಳೆ – ರಾ – ತ್ರಿ – ವಿ
ಮಾ – ನ – ಬೇ – ಡ – ಸೇ
ತು – ವೆ – ಬ – ಳಿ – ಕಾ
ವ – ಲು – ಹೆ – ಚ್ಚಿ – ದೆ

1ನೇ ಅಂಕಿಯ ಕಂಬದಿಂದ ಶುರುಮಾಡಿ ಮೇಲಿಂದ ಕೆಳಗೆ ಓದಿ ಐದೈದರ ಗುಂಪು ಮಾಡಿದರೆ ಸಿಗುವುದು: ತ್ರಿಡಳಿಚ್ಚಿರಾ ಬೇಬಹೆನಾಮಾ ತುವಳೆನವೆ ಲುವಿಸೇಕಾದೆ. ಇದನ್ನು ಇನ್ನೊಂದು ಕೀಲಿಯ ಕೆಳಗೆ ಬರೆದು ಇನ್ನೊಮ್ಮೆ ಕಲಸಬೇಕು. ಎರಡು ಸಲ ಕಲಸಿದ್ದನ್ನು ಬಿಡಿಸುವುದು ಆ ಕಾಲಕ್ಕೆ ಸುಲಭವಲ್ಲ. ಇಲ್ಲಿ ನಾಲ್ಕು ಸಾಲೂ ಪೂರ್ತಿ ತುಂಬಿವೆ. ನಿಜವಾದ ಕೆಲಸದಲ್ಲಿ ಕೊನೆಯ ಸಾಲನ್ನು ಅರೆ ತುಂಬಿ ಬಿಡುವುದು ಜಾಣತನ. ಕಂಬಗಳ ಉದ್ದ ಏರುಪೇರಾದರೆ ಬಿಡಿಸುವವನ ತಲೆನೋವು ಹೆಚ್ಚುತ್ತದೆ.

ಕೆಡುವುದು ಎಲ್ಲಿ? ಆ ಎರಡು ಳಕಾರಗಳಲ್ಲಿ. ಚಳಿಯ ಕೋಣೆ, ಕೆಳಗಡೆ ಬೂಟಿನ ಸದ್ದು, ಅವಸರದಲ್ಲಿ 4 ಮತ್ತು 5 ಅದಲುಬದಲಾದವು ಅಂದುಕೊಳ್ಳಿ. ಒಂದೇ ಸಲ ಕಲಸಿದ್ದರೆ ಆ ಕಡೆಯವರಿಗೆ ಮೊದಲ ಸಾಲು 'ನಾವಿರಾತ್ರಿಳೆ' ಎಂದು ಕಾಣುತ್ತದೆ, ಊಹಿಸಿ ಸರಿಮಾಡಬಹುದು. ಎರಡು ಸಲ ಕಲಸಿದ್ದರೆ ಆ ಸಣ್ಣ ತಪ್ಪು ಇಡೀ ಸಂದೇಶಕ್ಕೆ ಹರಡಿ ಒಂದಕ್ಷರವೂ ದಕ್ಕುವುದಿಲ್ಲ. ಇಂಥವು ದಂಡಿಯಾಗಿ ಬರುತ್ತಿದ್ದವು. ಮತ್ತೆ ಕಳಿಸು ಎಂದು ಕೇಳಿದರೆ ಏಜೆಂಟ್ ಮತ್ತೆ ಇಪ್ಪತ್ತು ನಿಮಿಷ ಸೆಟ್ ಮುಂದೆ ಕೂರಬೇಕು, ವ್ಯಾನು ಅಷ್ಟರಲ್ಲಿ ಬಾಗಿಲಿಗೆ ಬರುತ್ತದೆ. ಅದಕ್ಕೇ ಎಸ್‌ಒಇಯ ಗೂಢಲಿಪಿ ಮುಖ್ಯಸ್ಥ, ಇಪ್ಪತ್ತು ದಾಟಿ ಕೆಲವೇ ವರ್ಷದ ಲಿಯೋ ಮಾರ್ಕ್ಸ್, ಬಿಡಿಸಲಾಗದ ಸಂದೇಶ ಎಂಬುದೇ ಇಲ್ಲ ಎಂದು ಹಟ ಹಿಡಿದು, ಸಾಧ್ಯವಿರುವ ತಪ್ಪುಗಳನ್ನೆಲ್ಲ ಒಂದೊಂದಾಗಿ ಹಾಕಿ ನೋಡಲು ಹುಡುಗಿಯರ ಪಾಳಿಗಳನ್ನು ಕೂರಿಸಿದ. ಹೆಸರಾಂತ ಕವಿಗಳ ಪದ್ಯ ಕೊಡಬಾರದು, ಶತ್ರುವೂ ಪುಸ್ತಕ ಓದಿರುತ್ತಾನೆ ಎಂದು ತಾನೇ ಪದ್ಯ ಬರೆದು ಹಂಚಿದ. ನಮ್ಮಲ್ಲಿ ಯಾರಾದರೂ ನಾಡಗೀತೆಯನ್ನು ಕೀಲಿಯಾಗಿ ಆರಿಸಿದರೆ ಎಷ್ಟು ಹೊತ್ತು ಗುಟ್ಟು ಉಳಿದೀತು? ಆಮೇಲೆ ಪದ್ಯವನ್ನೇ ಕೈಬಿಟ್ಟು, ಸಿದ್ಧ ಕೀಲಿಗಳನ್ನು ರೇಷ್ಮೆಯ ತುಂಡಿನ ಮೇಲೆ ಅಚ್ಚುಹಾಕಿಸಿದ. ಒಂದು ಸಲ ಬಳಸಿದ ಕೀಲಿಯನ್ನು ಕತ್ತರಿಸಿ ಸುಡುವುದು. ರೇಷ್ಮೆ ಏಕೆಂದರೆ ಕೋಟಿನ ಒಳಪದರದಲ್ಲಿ ಹೊಲಿದರೆ ತಡಕಿದಾಗ ಕಾಗದದ ಹಾಗೆ ಸರಸರ ಎನ್ನುವುದಿಲ್ಲ.

ಇದರ ಜೊತೆಗೆ ಭದ್ರತಾ ಗುರುತು. ಸಿಕ್ಕಿಬಿದ್ದ ಆಪರೇಟರಿನ ಕೈಯಲ್ಲೇ ಜರ್ಮನರು ಸಂದೇಶ ಕಳಿಸಿದರೆ ಲಂಡನ್ನಿಗೆ ಗೊತ್ತಾಗುವುದು ಹೇಗೆ? ಇಂತಿಷ್ಟನೇ ಅಕ್ಷರವನ್ನು ಬೇಕೆಂದೇ ತಪ್ಪು ಮಾಡುವುದು ಎಂದು ಮೊದಲೇ ಮಾತು. ಇಂಥವು ಇಬ್ಬಗೆ. ಒಂದು ಹೊಡೆತ ತಾಳಲಾರದೆ ಬಾಯಿ ಬಿಡಬೇಕಾದಾಗ ಕೊಡುವುದು, ಇನ್ನೊಂದು ನಿಜವಾದದ್ದು. ನಿಜವಾದದ್ದು ಇಲ್ಲದ ಸಂದೇಶ ಬಂದರೆ, ಹುಡುಗ ಸಿಕ್ಕಿಬಿದ್ದ ಎಂದು ಅರ್ಥ. ಯೋಜನೆಯಲ್ಲಿ ಲೋಪವೇನೂ ಇಲ್ಲ. ಓದುವವರು ಓದಬೇಕು, ಅಷ್ಟೇ.

ಜೂನ್‌ನಲ್ಲಿ ಸೆರೆಯಾದ ಗಿಲ್ಬರ್ಟ್ ನಾರ್ಮನ್ ಹೆಸರಿನಲ್ಲಿ ಜರ್ಮನರು ಸಂದೇಶ ಕಳಿಸಿದಾಗ ಅದರಲ್ಲಿ ನಿಜವಾದ ಗುರುತು ಇರಲಿಲ್ಲ. ಲಂಡನ್ನಿನಿಂದ ಉತ್ತರ ಹೋಯಿತು: ನಿನ್ನ ಎರಡನೇ ಗುರುತು ಹಾಕಲು ಮರೆತಿದ್ದೀಯ, ಮುಂದಿನ ಸಲ ಎಚ್ಚರ. ಆ ಉತ್ತರ ಬಂದದ್ದು ಜರ್ಮನರ ಕೈಗೆ. ಇಂಥ ಇನ್ನೊಂದು ಗುರುತು ಇದೆ ಎಂದು ಅವರಿಗೆ ತಿಳಿಸಿಕೊಟ್ಟದ್ದೇ ಲಂಡನ್. ಹಾಲೆಂಡಿನಲ್ಲಿ ಇದಕ್ಕೂ ದೊಡ್ಡದಾಗಿ ಇದೇ ಕಥೆ ನಡೆದಿತ್ತು. ಸೆರೆಯಾದ ಆಪರೇಟರ್ ಹ್ಯೂಬ್ ಲಾವರ್ಸ್ ಗುರುತು ಹಾಕದೆ ಬಿಟ್ಟು ಕೂಗಿಕೊಂಡರೂ ಲಂಡನ್ ಏಜೆಂಟರನ್ನು ಕಳಿಸುತ್ತಲೇ ಹೋಯಿತು. ಸುಮಾರು ಐವತ್ತು ಜನ ನೇರ ಜರ್ಮನರ ಬಲೆಗೆ ಇಳಿದರು. ಬೇಕರ್ ಸ್ಟ್ರೀಟಿನವರು ದಡ್ಡರು ಎಂದು ಕೈತೊಳೆದುಕೊಳ್ಳುವುದು ಸುಲಭ. ಆದರೆ ನಿಜವಾಗಿ ಸ್ವತಂತ್ರವಾಗಿದ್ದ ಏಜೆಂಟರೂ ಚಳಿಯಲ್ಲಿ, ಭಯದಲ್ಲಿ ಗುರುತು ಮರೆಯುತ್ತಿದ್ದರು. ದಿನಾ ತಪ್ಪು ಎಚ್ಚರಿಕೆ ಕೊಡುವ ಗಂಟೆಗೆ ಯಾರೂ ಏಳುವುದಿಲ್ಲ.

ಮಾರ್ಕ್ಸ್ ಮುಂದೊಮ್ಮೆ ಬರೆದುಕೊಂಡಂತೆ, ನೂರ್ ವಿಚಾರದಲ್ಲಿ ಅವನಿಗೆ ಬೇರೆ ಆತಂಕ ಇತ್ತು. ಸುಳ್ಳು ಹೇಳುವುದು ಆಕೆಗೆ ಒಗ್ಗದು. ಹೊಡೆದು ಕೇಳುವವರ ಮುಂದೆ ಸುಳ್ಳು ಗುರುತನ್ನು ನಿಜವೆಂದು ಹೇಳಿ ನಂಬಿಸಬೇಕಾದ ಪದ್ಧತಿ ಆಕೆಗೆ ಹೊಂದುವುದಿಲ್ಲ. ಅವನು ಆಕೆಯ ಜಾತಕ ಕಥೆಗಳನ್ನು ಓದಿ ಆಕೆಗೆ ಪಾಠ ಹೇಳಿದ, ಜೊತೆಗೆ ಬೇರೆ ಯಾರಿಗೂ ಇಲ್ಲದ ಒಂದು ಗುರುತನ್ನು ಕೊಟ್ಟ: ಕೀಲಿಗೆ ಆರಿಸುವ ಐದು ಪದಗಳ ಅಕ್ಷರ ಸೇರಿ ಎಂದೂ 18 ಆಗಬಾರದು. 17 ಆಗಲಿ, 19 ಆಗಲಿ. 18 ಬಂದರೆ ನೀನು ಸಿಕ್ಕಿದ್ದೀಯ ಎಂದು ತಿಳಿದುಕೊಳ್ಳುತ್ತೇನೆ.

ಇಡೀ ಪ್ರಕರಣದಲ್ಲಿ ನನಗೆ ಅತ್ಯಂತ ಚೆಂದ ಕಾಣುವ ಯುಕ್ತಿ ಇದು. ಉಳಿದ ಗುರುತುಗಳು ಏನನ್ನೋ ಮಾಡುವುದರಲ್ಲಿವೆ. ಮಾಡಿದ್ದು ನೋಟ್‌ಬುಕ್ಕಿನಲ್ಲಿ ಉಳಿಯುತ್ತದೆ, ಹಳೆಯ ಸಂದೇಶಗಳನ್ನು ಪಕ್ಕಪಕ್ಕ ಇಟ್ಟು ನೋಡಿದರೆ ಯಾರಿಗಾದರೂ ಕಾಣುತ್ತದೆ. ಇದು ಏನನ್ನೋ ಮಾಡದೆ ಇರುವುದರಲ್ಲಿದೆ. ಆಕೆ ಜೋಪಾನವಾಗಿ ಫೈಲ್ ಮಾಡಿಟ್ಟ ನೋಟ್‌ಬುಕ್ಕನ್ನು ಎಷ್ಟು ತಿರುವಿದರೂ 'ಇಲ್ಲ' ಎಂಬುದು ಕಣ್ಣಿಗೆ ಹೊಡೆಯುವುದಿಲ್ಲ. ಪದ್ಯದಿಂದ ತಾನೇ ಪದ ಆರಿಸುವ ಜರ್ಮನ್ ಗುಮಾಸ್ತ ಎಂದಾದರೂ ಒಮ್ಮೆ 18ರ ಮೇಲೆ ಕಾಲಿಡಬಹುದಾದ ಬಲೆ ಅದು.

ಅಕ್ಟೋಬರ್ 13ರ ಸುಮಾರಿಗೆ ಆಕೆಯನ್ನು ಮನೆಯಲ್ಲೇ ಕಾದುಕೂತು ಹಿಡಿದರು. ಹಿಡಿದವನ ಮಣಿಕಟ್ಟನ್ನು ಆಕೆ ಕಚ್ಚಿದ್ದಳು. ಅವೆನ್ಯೂ ಫೊಶ್‌ನ 84ನೇ ನಂಬರಿನಲ್ಲಿದ್ದ ಜರ್ಮನ್ ಭದ್ರತಾ ಪೊಲೀಸರ ಕಚೇರಿಗೆ ಒಯ್ದ ಸ್ವಲ್ಪ ಹೊತ್ತಿಗೇ ಸ್ನಾನ ಮಾಡಬೇಕು ಎಂದು ಕೇಳಿ, ಬಾಗಿಲು ಹಾಕಿಕೊಂಡು ಕಿಟಕಿಯಿಂದ ಸೂರಿಗೆ ಇಳಿದಳು, ಸಿಕ್ಕಿದಳು. ನವೆಂಬರ್ 25ರಂದು ಇನ್ನಿಬ್ಬರು ಕೈದಿಗಳ ಜೊತೆ ಸ್ಕ್ರೂಡ್ರೈವರಿನಿಂದ ಮೇಲ್ಗಿಂಡಿಯ ಸರಳು ಸಡಿಲಿಸಿ ಮಾಳಿಗೆಗೆ ಹತ್ತಿದಳು. ಅದೇ ಹೊತ್ತಿಗೆ ಬ್ರಿಟಿಷ್ ವಿಮಾನಗಳ ದಾಳಿಯ ಸೈರನ್ ಕೂಗಿತು. ಸೈರನ್ ಕೂಗಿದಾಗ ಕೋಣೆಗಳಲ್ಲಿರುವ ಕೈದಿಗಳನ್ನು ಎಣಿಸಿ ನೋಡುವುದು ಅಲ್ಲಿಯ ನಿಯಮ. ಮತ್ತೆ ಸಿಕ್ಕಿದಳು. ಇನ್ನು ಓಡಿಹೋಗುವುದಿಲ್ಲ ಎಂದು ಬರೆದುಕೊಡು ಎಂದಾಗ ಕೊಡಲಿಲ್ಲ. ಅಲ್ಲಿಯ ಮುಖ್ಯಸ್ಥ ಹಾನ್ಸ್ ಕೀಫರ್ ಯುದ್ಧದ ನಂತರ ಒಪ್ಪಿಕೊಂಡಂತೆ ಆಕೆಯ ಬಾಯಿಂದ ಏನೂ ಹೊರಡಲಿಲ್ಲ. ಹೊರಡಬೇಕಾದ ಅಗತ್ಯವೂ ಅವರಿಗೆ ಇರಲಿಲ್ಲ, ನೋಟ್‌ಬುಕ್ ಇತ್ತಲ್ಲ. ವೈರ್‌ಲೆಸ್ ತಜ್ಞ ಯೋಸೆಫ್ ಗೆಟ್ಸ್ ಅದನ್ನು ಇಟ್ಟುಕೊಂಡು, ಆಕೆಯ ಮಾತಿನ ಧಾಟಿ, ಕೈಯ ಬಡಿತ ಎರಡನ್ನೂ ಅನುಕರಿಸಿ ಲಂಡನ್ನಿನ ಜೊತೆ ಮಾತಿಗೆ ಶುರುಮಾಡಿದ.

ಆಗ ಎರಡು ಎಚ್ಚರಿಕೆ ಬಂದವು. ಒಂದು 18 ಅಕ್ಷರದ ಕೀಲಿಯ ಸಂದೇಶ. ಮಾರ್ಕ್ಸ್ ಅದನ್ನು ಬಕ್‌ಮಾಸ್ಟರ್‌ಗೆ ತಿಳಿಸಿದ, ಅವರು ಒಪ್ಪಲಿಲ್ಲ. ಇನ್ನೊಂದು ಸ್ವಿಟ್ಜರ್ಲೆಂಡಿನ ಬರ್ನ್ ನಗರದಿಂದ ಅಕ್ಟೋಬರಿನಲ್ಲೇ ಬಂದದ್ದು. ಪ್ಯಾರಿಸ್ಸಿನಿಂದ ಸೋನ್ಯಾ ತಿಳಿಸಿದ್ದಾಳೆ, ಮ್ಯಾಡ್ಲೀನ್‌ಗೆ ದೊಡ್ಡ ಅಪಘಾತವಾಗಿ ಆಸ್ಪತ್ರೆ ಸೇರಿದ್ದಾಳೆ ಎಂಬುದು ಅದರ ಸಾರ. ಆಸ್ಪತ್ರೆ ಎಂದರೆ ಸೆರೆಮನೆ. ಸೋನ್ಯಾ ಅಂದರೆ ಸೋನ್ಯಾ ಓಲ್ಶನೆಟ್ಸ್ಕಿ, ಪ್ರೊಸ್ಪೆರ್ ಕುಸಿದ ಮೇಲೂ ಪ್ಯಾರಿಸ್ಸಿನಲ್ಲಿ ಕೆಲಸ ಮಾಡುತ್ತಿದ್ದ ಯೆಹೂದಿ ಹುಡುಗಿ, ಮೊದಲು ನರ್ತಕಿ. ಅವಳನ್ನು ನೇಮಿಸಿಕೊಂಡದ್ದು ಫ್ರಾನ್ಸಿನಲ್ಲೇ. ಲಂಡನ್ನಿನಲ್ಲಿ ಅವಳ ಫೈಲಿರಲಿಲ್ಲ, ಫೋಟೋ ಇರಲಿಲ್ಲ. ಹೆಸರೇ ಗೊತ್ತಿಲ್ಲದವಳ ಮಾತನ್ನು ನಂಬುವುದು ಹೇಗೆ ಎಂದು ಪಕ್ಕಕ್ಕಿಟ್ಟರು. ಈ ಸಂಗತಿ ಮತ್ತೊಮ್ಮೆ ತಿರುಗಿ ಬರುತ್ತದೆ.

1944ರ ಫೆಬ್ರವರಿ ಕೊನೆಯ ರಾತ್ರಿ, ಮ್ಯಾಡ್ಲೀನ್ ಸೆಟ್ಟಿನ ಮೂಲಕ ಗೊತ್ತುಮಾಡಿದ ಹೊಲದ ಮೇಲೆ ಮೂವರು ಪ್ಯಾರಾಶೂಟಿನಲ್ಲಿ ಇಳಿದರು: ಫ್ರಾನ್ಸ್ ಆಂಟೆಲ್ಮ್, ಲಯನಲ್ ಲೀ, ಮದ್ಲೆನ್ ದಾಮೆರ್ಮಾಂ. ಕೆಳಗೆ ಕೈಹಿಡಿದು ಎಬ್ಬಿಸಲು ನಿಂತಿದ್ದವರು ಜರ್ಮನರು. ನೂರ್ ಅಷ್ಟರಲ್ಲಿ ಮೂರು ತಿಂಗಳಿಂದ ಜರ್ಮನಿಯ ಪ್ಫೋರ್ಟ್ಸ್‌ಹೈಮ್ ಜೈಲಿನಲ್ಲಿ ಕೈಕಾಲಿಗೆ ಸರಪಳಿ ಹಾಕಿಸಿಕೊಂಡು ಒಂಟಿ ಕೋಣೆಯಲ್ಲಿದ್ದಳು. ಜರ್ಮನ್ ಕಡತಗಳಲ್ಲಿ ಅಂಥವರಿಗೆ ಇಟ್ಟ ಹೆಸರು 'ರಾತ್ರಿ ಮತ್ತು ಮಂಜು'. ಸುಳಿವೇ ಇಲ್ಲದಂತೆ ಮಾಯವಾಗಬೇಕಾದವರು.

ಯುದ್ಧ ಮುಗಿದ ಮೇಲೆ ಆ ಮಂಜಿನೊಳಗೆ ಹೊಕ್ಕವಳು ವೇರಾ ಆಟ್ಕಿನ್ಸ್. ಬಕ್‌ಮಾಸ್ಟರ್ ವಿಭಾಗದ ಗುಪ್ತಚರ ಅಧಿಕಾರಿ. ಹೆಂಗಸರನ್ನು ವಿಮಾನ ಹತ್ತಿಸಿ ಕಳಿಸಿಕೊಡುತ್ತಿದ್ದವಳೂ ಆಕೆಯೇ. ವಿಭಾಗದಲ್ಲಿ ಕಾಣೆಯಾದವರು ನೂರಕ್ಕೂ ಹೆಚ್ಚು. ನನ್ನನ್ನು ಕೇಳಿದರೆ ಪತ್ತೆದಾರಿ ಸರಣಿಗೆ ತಕ್ಕ ನಾಯಕಿ ಈಕೆ. ಹೆಣವಿಲ್ಲ, ಸಮಾಧಿಯಿಲ್ಲ, ಕಾಗದ ಸುಟ್ಟಿದ್ದಾರೆ, ಸಾಕ್ಷಿಗಳು ಬದುಕಿ ಉಳಿದ ಕೈದಿಗಳು ಮತ್ತು ಸೆರೆಯಾದ ಕಾವಲುಗಾರರು. 1944ರ ಜುಲೈ 6ರಂದು ನಟ್ಸ್‌ವೈಲರ್ ಎಂಬ ನಾಜಿ ಸೆರೆಶಿಬಿರಕ್ಕೆ ನಾಲ್ವರು ಹೆಂಗಸರನ್ನು ತಂದು ಅದೇ ದಿನ ವಿಷದ ಇಂಜೆಕ್ಷನ್ ಕೊಟ್ಟು ಕೊಂದರು ಎಂದು ಗೊತ್ತಾಯಿತು. ಅಲ್ಲಿ ಕೈದಿಯಾಗಿದ್ದ ಬ್ರಯನ್ ಸ್ಟೋನ್‌ಹೌಸ್ ಆ ನಾಲ್ವರು ನಡೆದುಹೋಗುವುದನ್ನು ನೋಡಿದ್ದ. ಅವನು ಚಿತ್ರಕಾರ, ಕೂದಲು, ಬಟ್ಟೆ, ನಡಿಗೆ ಎಲ್ಲ ನೆನಪಿಟ್ಟುಕೊಂಡಿದ್ದ. ಅವರಲ್ಲಿ ಆಂದ್ರೇ ಬೊರೆಲ್, ವೇರಾ ಲೀ, ನೂರ್ ಜೊತೆ ಅದೇ ಬೆಳದಿಂಗಳಲ್ಲಿ ಇಳಿದ ಡಯಾನಾ ರೌಡನ್ ಎಂದು ಮೂವರ ಗುರುತು ಹತ್ತಿತು. ನಾಲ್ಕನೆಯವಳು ಕಪ್ಪು ಕೂದಲಿನ ಸಣ್ಣ ಆಕೃತಿ. ಆಟ್ಕಿನ್ಸ್ ಪಟ್ಟಿಯಲ್ಲಿ ಆ ವಿವರಕ್ಕೆ ಹೊಂದುವ, ಇನ್ನೂ ಸಿಗದ ಹೆಸರು ಒಂದೇ. ನೂರ್ ಎಂದು ಬರೆದಳು, ಮನೆಯವರಿಗೂ ತಿಳಿಸಲಾಯಿತು.

ಎಲ್ಲಿ ತಪ್ಪಿತು? ಪಟ್ಟಿಯಲ್ಲಿ. ಲಂಡನ್ನಿನಿಂದ ಹೊರಟವರ ಪಟ್ಟಿಯನ್ನು ಹಿಡಿದು ಹುಡುಕಿದರೆ ಲಂಡನ್ನಿನಿಂದ ಹೊರಟವರೇ ಸಿಗುತ್ತಾರೆ. ನಾಲ್ಕನೆಯವಳು ಸೋನ್ಯಾ ಓಲ್ಶನೆಟ್ಸ್ಕಿ. 1944ರ ಜನವರಿಯಲ್ಲಿ ಅವಳೂ ಸಿಕ್ಕಿಬಿದ್ದಿದ್ದಳು. ಮ್ಯಾಡ್ಲೀನ್ ಸೆರೆಯಾಗಿದ್ದಾಳೆ ಎಂದು ಹೇಳಿಕಳಿಸಿದವಳು. ಫೈಲಿಲ್ಲ ಎಂಬ ಒಂದೇ ಕಾರಣಕ್ಕೆ ಬದುಕಿದ್ದಾಗ ಅವಳ ಮಾತನ್ನು ನಂಬಲಿಲ್ಲ, ಸತ್ತ ಮೇಲೆ ಅವಳ ಸಾವನ್ನು ಇನ್ನೊಬ್ಬಳ ಹೆಸರಿಗೆ ಬರೆದರು. ಅದೂ ಯಾರ ಬಗ್ಗೆ ಎಚ್ಚರಿಸಿದ್ದಳೋ ಅವಳ ಹೆಸರಿಗೆ. ಕಾದಂಬರಿಯಲ್ಲಿ ಇದನ್ನು ಬರೆದರೆ, ಇಷ್ಟು ಹೊಂದಾಣಿಕೆ ನಂಬುವ ಹಾಗಿಲ್ಲ ಎಂದು ಸಂಪಾದಕರು ಕೆಂಪು ಗೆರೆ ಎಳೆಯುತ್ತಾರೆ.

ಗಂಟು ಬಿಚ್ಚಿದ್ದು ಊಟದ ಬಟ್ಟಲು. ಪ್ಫೋರ್ಟ್ಸ್‌ಹೈಮ್ ಜೈಲಿನಲ್ಲಿದ್ದ ಯೊಲಾಂದ್ ಲಾಗ್ರಾವ್ ಎಂಬ ಫ್ರೆಂಚ್ ಕೈದಿ ಬದುಕಿ ಬಂದು, ಪಕ್ಕದ ಕೋಣೆಯಲ್ಲಿ ಸರಪಳಿಯಲ್ಲಿದ್ದ ಇಂಗ್ಲಿಷ್ ಹೆಂಗಸೊಬ್ಬಳ ವಿಚಾರ ಹೇಳಿದಳು. ಮಾತಾಡುವ ಹಾಗಿಲ್ಲ. ಬಟ್ಟಲುಗಳು ಕೋಣೆಯಿಂದ ಕೋಣೆಗೆ ಸುತ್ತುತ್ತಿದ್ದವು, ಅದರ ತಳದಲ್ಲಿ ಗೀಚಿ ಸುದ್ದಿ ಕಳಿಸುತ್ತಿದ್ದರು. ಒಂದು ಬಟ್ಟಲಿನ ತಳದಲ್ಲಿ 'ನೋರಾ ಬೇಕರ್' ಎಂದಿತ್ತು, ಜೊತೆಗೆ ಲಂಡನ್ನಿನ ಒಂದು ವಿಳಾಸ. ಬೇಕರ್ ನೂರ್ ತಾಯಿಯ ತವರಿನ ಹೆಸರು. ನಟ್ಸ್‌ವೈಲರ್‌ನಲ್ಲಿ ಜುಲೈಯಲ್ಲೇ ಸತ್ತಳು ಎಂದು ಬರೆದಾಗಿದ್ದವಳು ಸೆಪ್ಟೆಂಬರಿನವರೆಗೂ ಪ್ಫೋರ್ಟ್ಸ್‌ಹೈಮ್‌ನಲ್ಲಿ ಇದ್ದಳು. ಆಟ್ಕಿನ್ಸ್ ತಾನು ಬರೆದದ್ದನ್ನು ತಾನೇ ಹೊಡೆದುಹಾಕಿ ಮತ್ತೆ ಹೊರಟಳು. ಜೈಲಿನ ಅಧಿಕಾರಿ, ಕಾರ್ಲ್ಸ್‌ರೂಹೆಯಿಂದ ಕೈದಿಗಳನ್ನು ರೈಲಿನಲ್ಲಿ ಕರೆದೊಯ್ದ ಗೆಸ್ಟಾಪೋ ಮನುಷ್ಯ, ಕಡೆಗೆ ಕೀಫರ್ ಎಲ್ಲರನ್ನೂ ಕೂರಿಸಿ ಕೇಳಿದ ಮೇಲೆ ಕೊನೆಯ ಪ್ರಯಾಣ ಗೊತ್ತಾಯಿತು. 1944ರ ಸೆಪ್ಟೆಂಬರ್ 12ರ ರಾತ್ರಿ ಡಾಖಾವ್ ಸೆರೆಶಿಬಿರ ತಲುಪಿದ ನಾಲ್ವರು ಹೆಂಗಸರನ್ನು ಮರುದಿನ ಬೆಳಗಾಗುವಾಗ ತಲೆಗೆ ಗುಂಡಿಟ್ಟು ಕೊಂದರು. ಯೊಲಾಂದ್ ಬೀಕ್‌ಮನ್, ಎಲಿಯಾನ್ ಪ್ಲೂಮನ್, ನೂರ್. ನಾಲ್ಕನೆಯವಳು ಮದ್ಲೆನ್ ದಾಮೆರ್ಮಾಂ, ನೂರ್ ಎಂದೂ ಕಳಿಸದ ಸಂದೇಶವನ್ನು ನಂಬಿ ಆಕಾಶದಿಂದ ಇಳಿದವಳು.

1949ರಲ್ಲಿ ನೂರ್‌ಗೆ ಬ್ರಿಟನ್ನಿನ ಶೌರ್ಯ ಪದಕ ಜಾರ್ಜ್ ಕ್ರಾಸ್ ಬಂತು. ಬಟ್ಟಲಿನ ತಳದಲ್ಲಿ ಗೀಚಿದ್ದ ವಿಳಾಸ ಬ್ಲೂಮ್ಸ್‌ಬರಿಯ ಟ್ಯಾವಿಟನ್ ಸ್ಟ್ರೀಟಿನ 4ನೇ ನಂಬರಿನ ಮನೆ, ಫ್ರಾನ್ಸಿಗೆ ಹೊರಡುವ ಮುಂಚೆ ಆಕೆ ಇದ್ದದ್ದು ಅಲ್ಲಿ. 2020ರ ಆಗಸ್ಟ್‌ನಲ್ಲಿ ಆ ಮನೆಯ ಗೋಡೆಗೆ, ಹೆಸರಾದವರು ಇದ್ದ ಮನೆಗಳಿಗೆ ಲಂಡನ್ನಿನಲ್ಲಿ ಹಾಕುವ ನೀಲಿ ಫಲಕ ಹಾಕಿದರು. ಅದರಲ್ಲಿ ಆಕೆಯ ಹೆಸರಿನ ಜೊತೆ 'ಮ್ಯಾಡ್ಲೀನ್' ಎಂಬ ಗುಪ್ತನಾಮವೂ ಇದೆ.